ಮೇಡಂ ತೋರಿಸಿದ ಮೋಡ

ಮೇಡಂ ಅವರ ಸೆರಗಿನ ಅಂಚಿನಲ್ಲಿ ಯಾವಾಗಲೂ ಕಬ್ಬಿಣದ ಪುಡಿ ಮಿನುಗುತ್ತಿತ್ತು. ರಾಜಾಜಿನಗರದಲ್ಲಿ ನನ್ನದು ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ರಿವೈಂಡಿಂಗ್ ಅಂಗಡಿ. ಮಕ್ಕಳಿಗೆ ಅಯಸ್ಕಾಂತದ ಗೆರೆಗಳನ್ನು ತೋರಿಸಲೆಂದು ಅವರು ಪಕ್ಕದ ಲೇತ್ ಅಂಗಡಿಯ ಪುಡಿಯನ್ನು ಪೊಟ್ಟಣ ಕಟ್ಟಿಕೊಂಡು ಹೋಗುತ್ತಿದ್ದರು. ಲೇತಿನವನು "ಏನ್ ಆಂಟಿ, ಗುಜರಿ ಶುರು ಮಾಡಿದ್ರಾ?" ಎಂದು ಕಿಚಾಯಿಸಿದರೆ, "ಪಾರ್ಟ್ನರ್ ಹುಡುಕ್ತಾ ಇದೀನಿ, ಬರ್ತೀಯೇನಪ್ಪ?" ಎನ್ನುತ್ತಿದ್ದರು.

ನಿವೃತ್ತ ವಿಜ್ಞಾನಿ, ಮನೆ ಬಸವೇಶ್ವರನಗರ. ಮೊದಲು ಬಂದದ್ದು ಸುಟ್ಟುಹೋದ ನೀರಿನ ಪಂಪಿನ ಸಲುವಾಗಿ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ದುಡಿದು ಅಂಗಡಿ ಕಟ್ಟಿದವನು. ಓದಿದವರು ನನ್ನ ಹತ್ತಿರ ಕಿವುಡನಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಮಾತನಾಡುತ್ತಾರೆ. ಮೇಡಂ ಹಾಗಲ್ಲ. ಸ್ಟೂಲ್ ಎಳೆದುಕೊಂಡು ಕೂತು, ಕೆಲಸ ಬಲ್ಲವರು ಇನ್ನೊಬ್ಬ ಕೆಲಸಗಾರನಿಗೆ ಹೇಳುವಂತೆ ತಮ್ಮ ಸಂಶೋಧನೆಯ ಬಗ್ಗೆ ಹೇಳಿದರು.

ನಕ್ಷತ್ರಗಳ ನಡುವೆ ಅನಿಲ, ದೂಳಿನ ತಣ್ಣನೆಯ ದೊಡ್ಡ ಮೋಡಗಳಿವೆಯಂತೆ. ತಮ್ಮ ಭಾರಕ್ಕೆ ತಾವೇ ಒಳಗೆ ಕುಸಿದು ಗಟ್ಟಿಯಾದ ಕಡೆ ಹೊಸ ನಕ್ಷತ್ರ ಹುಟ್ಟುತ್ತದೆ. ಆದರೆ ಮೋಡದೊಳಗಿನ ಅಯಸ್ಕಾಂತ ಬಲ ಸುಲಭಕ್ಕೆ ಕುಸಿಯಲು ಬಿಡುವುದಿಲ್ಲ. ಮೇಡಂ ಬದುಕಿಡೀ ಅಭ್ಯಾಸ ಮಾಡಿದ್ದು ಅಂಥ ಒಂದು ಮೋಡವನ್ನು. ಅಲ್ಲಿ ಆ ಬಲ ಜೋರಾಗಿದೆ, ಮೋಡವನ್ನು ಎತ್ತಿ ಹಿಡಿದಿದೆ ಎಂಬುದು ಅವರ ವಾದ. ಅವರಿಗೆ ಹೆಸರು ತಂದದ್ದೂ ಅದೇ.

ವಿಜಯನಗರದ ಒಂದು ಲೈಬ್ರರಿಯವರು ಅದರ ಬಗ್ಗೆ ಮಾತನಾಡಲು ಕರೆದಿದ್ದರು. ತೋರಿಸಲಿಕ್ಕೆಂದು ನಾನೊಂದು ತಂತಿಯ ಕಾಯಿಲ್ ಸುತ್ತಿಕೊಟ್ಟೆ. ಕರೆಂಟು ಸಾಕಷ್ಟಿದ್ದರೆ ಅದರೊಳಗೆ ಕಬ್ಬಿಣದ ತುಂಡು ಗಾಳಿಯಲ್ಲೇ ನಿಲ್ಲುತ್ತದೆ, ಕಮ್ಮಿಯಾದರೆ ಬೀಳುತ್ತದೆ. ಆಕಾಶದಲ್ಲಿ ಇಷ್ಟು ಸರಳವಲ್ಲ, ಇದು ಬರೀ ಅಂದಾಜಿಗೆ ಎಂದು ಮೇಡಂ ಮತ್ತೆ ಮತ್ತೆ ಎಚ್ಚರಿಸಿದರು.

ಹಿಂದಿನ ದಿನ ಅಂಗಡಿಯಲ್ಲಿ ಅದನ್ನು ಪರೀಕ್ಷಿಸುತ್ತಿದ್ದಾಗ ಅವರ ಹಳೆಯ ವಿದ್ಯಾರ್ಥಿಯ ಫೋನ್ ಬಂತು. ಆ ಬಲ ಎಷ್ಟೆಂದು ತಿಳಿಯಲು ಅವನು ಅದೇ ಮೋಡದ ದೂಳಿನ ಬೆಳಕನ್ನು ಹೊಸದಾಗಿ ಅಳೆದಿದ್ದ. ಬಲ ಅಂದುಕೊಂಡಷ್ಟಿಲ್ಲ, ಮೋಡ ಆಗಲೇ ಕುಸಿಯುತ್ತಿದೆ. ಅವನು ತಡವರಿಸುತ್ತಿದ್ದುದು ನನಗೂ ಕೇಳಿಸುತ್ತಿತ್ತು. ಮೇಡಂ ಬಹಳ ಹೊತ್ತು ಪ್ರಶ್ನೆ ಕೇಳಿದರು. ಕೊನೆಗೆ, "ನಿನ್ನ ಅಳತೆ ಸರಿ ಇದೆ ಕಣೋ. ನಾನೇ ತಪ್ಪು ಹೇಳ್ಕೊಂಡ್ ಬಂದಿದೀನಿ" ಎಂದರು. ಫೋನ್ ಇಟ್ಟು ಕಾಯಿಲನ್ನು ಹತ್ತಿರಕ್ಕೆ ಎಳೆದುಕೊಂಡರು.

ನನಗೆ ಸಂಕಟವಾಯಿತು. ನಾಳೆ ಇದನ್ನು ಹೇಳಬೇಡಿ, ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಎಂದೆ.

"ನನ್ನ ಹೆಸರು ಉಳೀಲಿ ಅಂತ ಮೋಡ ನಿಂತ್ಕೊಳ್ಳುತ್ತಾ? ಇದಕ್ಕೊಂದು ರೆಗ್ಯುಲೇಟರ್ ಹಾಕ್ಕೊಡಿ. ನಾಳೆ ಬೀಳೋದನ್ನ ತೋರಿಸ್ಬೇಕು."

ಮರುದಿನ ಲೈಬ್ರರಿಯಲ್ಲಿ ಅವರ ಮೊದಲ ಮಾತೇ ತಾವು ಇಷ್ಟು ದಿನ ಹೇಳಿದ್ದು ತಪ್ಪು ಎಂಬುದು. ಮುಂದಿನ ಸಾಲಿನ ಹಿರಿಯರೊಬ್ಬರು, "ಹಾಗಾದ್ರೆ ಇಷ್ಟು ವರ್ಷದ್ದು ದಂಡ ಅನ್ನಿ" ಎಂದು ಚುಚ್ಚಿದರು. ಮೇಡಂ ನಕ್ಕು, "ಆ ಹುಡುಗನಿಗೆ ಅಳೆಯೋದು ಕಲಿಸಿದ್ದು ಯಾರು ಅಂದ್ಕೊಂಡ್ರಿ?" ಎಂದು ರೆಗ್ಯುಲೇಟರ್ ತಿರುಗಿಸಿದರು. ತುಂಡು ಟಣ್ಣೆಂದು ಬಿತ್ತು. ಎಲ್ಲರಿಗಿಂತ ಮೊದಲು ಅವರ ಮುಖವೇ ಅರಳಿತು.

ಮೇಡಂ ತೀರಿಕೊಂಡು ವರ್ಷವಾಯಿತು. ಸುತ್ತಿಕೊಟ್ಟ ಮೋಟಾರು ಮತ್ತೆ ಸುಟ್ಟು ಬಂದರೆ, ಬಿಚ್ಚುವ ಮೊದಲೇ ಗಿರಾಕಿಯ ಮನೆಯ ವೋಲ್ಟೇಜ್ ಸರಿಯಿಲ್ಲ ಎಂದುಬಿಡುವುದು ನಮ್ಮ ಕಸುಬಿನಲ್ಲಿ ರೂಢಿ. ನನ್ನ ಅಂಗಡಿಯಲ್ಲಿ ಈಗ ಗಿರಾಕಿಯ ಎದುರಿಗೇ ಬಿಚ್ಚುತ್ತೇವೆ. ಮೊನ್ನೆ ಕೆಂಗೇರಿಯ ಹಿಟ್ಟಿನ ಗಿರಣಿಯವರು ನಾನೇ ಸುತ್ತಿಕೊಟ್ಟಿದ್ದ ಮೋಟಾರು ಸುಟ್ಟಿದೆಯೆಂದು ತಂದರು. ತೆರೆದರೆ, ಕರೆಂಟು ಹಾಯದಿರಲೆಂದು ತಂತಿಗೂ ಕಬ್ಬಿಣಕ್ಕೂ ನಡುವೆ ನಾನಿಟ್ಟಿದ್ದ ಕಾಗದ ಜಾರಿತ್ತು. "ನಮ್ಮದೇ ತಪ್ಪು ಸಾರ್, ಸುತ್ಕೊಡ್ತೀನಿ" ಎಂದೆ. ಇಂಥ ಮಾತನ್ನು ತಲೆ ತಗ್ಗಿಸದೆ ಹೇಳಬಹುದೆಂದು ನಾನು ಕಂಡದ್ದು ಮೇಡಂ ಅವರಲ್ಲಿ.