ಹೊಸ್ತಿಲಾಚೆ ಉಳಿದ ದ್ರಾಕ್ಷಿ

ಯಾರ ಮನೆಗೂ ಬರಿಗೈಯಲ್ಲಿ ಹೋಗಬಾರದೆಂದು ಕಲಿತು ಬೆಳೆದವಳು ನಾನು. ಅರವತ್ತೊಂಬತ್ತರ ನವೆಂಬರಿನಲ್ಲಿ, ಷಿಕಾಗೊ ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ರೋಸಾ ಡೆಟ್ರಾಯಿಟಿನ ತನ್ನ ತವರಿಗೆ ಕರೆದಾಗ, ನಮ್ಮ ಯಜಮಾನರು ಮೊದಲು ಹೇಳಿದ್ದೂ ಅದನ್ನೇ. "ಹಣ್ಣು ತಗೊಂಡು ಹೋಗು. ಇಲ್ದಿದ್ರೆ ಮೈಸೂರಿನ ಮರ್ಯಾದೆ ಏನಾಗ್ಬೇಕು?" ಅವರು ಅದೇ ಆಸ್ಪತ್ರೆಯಲ್ಲಿ ಡಾಕ್ಟರು. ಬೀದಿ ಕೊನೆಯ ಅಂಗಡಿಯಲ್ಲಿ ಹಸಿರು ದ್ರಾಕ್ಷಿ ಗೊಂಚಲು ಗೊಂಚಲಾಗಿ ಮಿರಮಿರ ಮಿಂಚುತ್ತಿತ್ತು. ಕೈ ಬಿಗಿ ಮಾಡದೆ ಒಂದು ಚೀಲ ಕೊಂಡೆ.

ಶುಕ್ರವಾರ ಬೆಳಿಗ್ಗೆ ಬಸ್ಸು ಹೊರಟಿತು. ಇನ್ನೂರ ಎಂಬತ್ತು ಮೈಲಿ ದಾರಿ. ರೈಲಿಗಿಂತ ಚಾರ್ಜು ಕಡಿಮೆ, ಸೊಂಟ ನೋವು ಜಾಸ್ತಿ. ಗ್ಯಾರಿ ಎಂಬ ಊರಿನ ಉಕ್ಕಿನ ಕಾರ್ಖಾನೆಗಳ ಹೊಗೆ ದಾಟಿದ ಮೇಲೆ ಕೊಯ್ಲಾದ ಮೆಕ್ಕೆಜೋಳದ ಹೊಲಗಳು ಮುಗಿಯಲೇ ಇಲ್ಲ. ಹೊರಗೆ ನೀರು ಹೆಪ್ಪುಗಟ್ಟುವ ಚಳಿ, ಅಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಇಪ್ಪತ್ತೆಂಟು ಡಿಗ್ರಿ; ಒಳಗೆ ಹೀಟರಿನ ಸೆಕೆ. ದಾರಿಯಲ್ಲಿ ಕಾಲಮಜೂ ಎಂಬ ಊರಿನಲ್ಲಿ ಬಸ್ಸು ನಿಂತಾಗ ಹಣ್ಣು ನಲುಗಿದೆಯೇನೋ ಎಂದು ಚೀಲ ಬಿಚ್ಚಿದೆ. ರೋಸಾಳೂ ನೋಡಿದಳು. ಏನೋ ಹೇಳಹೋದವಳು, ಕಾಫಿ ತರುತ್ತೇನೆಂದು ಇಳಿದುಬಿಟ್ಟಳು.

ಅಲ್ಲಿಂದಾಚೆ ಹುಡುಗಿ ಮಂಕಾದಳು. ಲ್ಯಾಬಿನಲ್ಲೂ ಅವಳು ಮಾತು ಕಡಿಮೆ. ಯಾವ ಕಡೆಯವಳು ಎಂದು ಯಾರಾದರೂ ಕೇಳಿದರೆ "ಸ್ಪ್ಯಾನಿಷ್" ಎಂದು ಹೇಳಿ ಜಾರಿಕೊಳ್ಳುತ್ತಿದ್ದಳು. ಮೆಕ್ಸಿಕೋ ಎಂಬ ಹೆಸರನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಬಾಗಿಲು ಹಾಕಿದ ಕೋಣೆಯಲ್ಲಿ ಮಾತ್ರ.

ಡೆಟ್ರಾಯಿಟಿಗೆ ಅಂಟಿಕೊಂಡ ಡಿಯರ್‌ಬಾರ್ನಿನ ಚಿಮಣಿಗಳು ಕಂಡಾಗ, ಅಲ್ಲಿಯ ಹೊತ್ತಿಗೆ ಸರಿಯಾಗಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಂಡೆ. ರೋಸಾಳ ಬೀದಿಯಲ್ಲಿ ಬೇಕರಿಯಿಂದ ಹಿಡಿದು ಕ್ಷೌರದಂಗಡಿಯವರೆಗೆ ಎಲ್ಲ ಬೋರ್ಡೂ ಸ್ಪ್ಯಾನಿಷ್. ಎರಕದ ಕಾರ್ಖಾನೆಯಲ್ಲಿ ದುಡಿಯುವ ಅವಳ ತಂದೆ ರಾಮೋನ್ ನಗುನಗುತ್ತಾ ಬಾಗಿಲು ತೆರೆದು ನನ್ನ ಚೀಲ ಇಸಿದುಕೊಂಡರು. ಒಳಗೆ ಇಣುಕಿದರು. ನಗು ನಿಂತಿತು.

"ನೀವು ಬನ್ನಿ, ಇದು ನಿಮ್ಮದೇ ಮನೆ. ಈ ಹಣ್ಣು ಮಾತ್ರ ಬೇಡ" ಎಂದವರೇ ಚೀಲವನ್ನು ಹೊರಗಿನ ಜಗಲಿಯ ಮೇಲಿಟ್ಟು ಬಾಗಿಲು ಹಾಕಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಪ್ರೀತಿಯಿಂದ ತಂದ ಹಣ್ಣನ್ನು ಹೊಸ್ತಿಲಾಚೆ ಇಡುವುದೆಂದರೆ ಮುಖಕ್ಕೆ ಹೊಡೆದ ಹಾಗೆ. ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವುದೊಂದು ಬಾಕಿ.

ರಾಮೋನ್ ಮಗಳ ಕಡೆ ತಿರುಗಿದರು. ನನಗೂ ಅರ್ಥವಾಗಲೆಂದು ಇಂಗ್ಲಿಷಿನಲ್ಲೇ ಕೇಳಿದರು. "ದಾರೀಲಿ ನೀನು ನೋಡ್ಲಿಲ್ವಾ?"

"ನೋಡ್ದೆ ಅಪ್ಪ."

"ಮತ್ತೆ ಯಾಕೆ ಹೇಳ್ಲಿಲ್ಲ?"

ರೋಸಾ ತಲೆ ತಗ್ಗಿಸಿದಳು. "ಷಿಕಾಗೊದಲ್ಲಿ ನಾನು ಇದನ್ನೆಲ್ಲ ಮಾತಾಡಲ್ಲ."

ತಾಯಿ ಕಾರ್ಮೆನ್ ನಮ್ಮೆಲ್ಲರನ್ನೂ ಊಟಕ್ಕೆ ಕೂರಿಸಿದರು. ಬಿಸಿ ಮೆಕ್ಕೆಜೋಳದ ರೊಟ್ಟಿ, ಅಲಸಂದೆಯಂಥ ಕಾಳಿನ ಗೊಜ್ಜು. ಅವರಲ್ಲಿ ಆ ಕಾಳಿಗೆ ಹಂದಿಯ ಕೊಬ್ಬು ಹಾಕಿದರೇ ರುಚಿಯಂತೆ. ನಾನು ಅದನ್ನೆಲ್ಲ ಮುಟ್ಟುವವಳಲ್ಲ ಎಂದು ರೋಸಾ ಫೋನಿನಲ್ಲಿ ತಿಳಿಸಿದ್ದಳು. ಕಾರ್ಮೆನ್ ನನಗೆಂದೇ ಹೊಸ ಪಾತ್ರೆ ತಂದು, ಎಣ್ಣೆಯಲ್ಲಿ ಬೇರೆಯಾಗಿ ಬೇಯಿಸಿಟ್ಟಿದ್ದರು. ಸಿಟ್ಟಿನಲ್ಲಿದ್ದರೂ ಹೊಟ್ಟೆ ತುಂಬ ಉಂಡೆ.

ಊಟದ ನಡುವೆ ರಾಮೋನ್ ಹೇಳಿದರು. "ನನ್ನ ತಮ್ಮ ಕ್ಯಾಲಿಫೋರ್ನಿಯಾದಲ್ಲಿ ದ್ರಾಕ್ಷಿ ಕೊಯ್ಯೋ ಕೂಲಿ. ಸುಡು ಬಿಸಿಲಲ್ಲಿ ಕುಡಿಯೋಕೆ ನೀರಿಲ್ಲ, ವಿಷ ಹೊಡೆದ ಬಳ್ಳಿ ಕೆಳಗೇ ಕೆಲಸ. ಈಗ ಎಲ್ಲರ ಜೊತೆ ಮುಷ್ಕರ ಹೂಡಿದಾನೆ. ಜನ ದ್ರಾಕ್ಷಿ ಕೊಳ್ತಾ ಹೋದ್ರೆ, ಸೋತು ಅದೇ ತೋಟಕ್ಕೆ ಕೈ ಕಟ್ಕೊಂಡು ಹೋಗ್ಬೇಕು. ಅದಕ್ಕೆ ನಾವು ತಿನ್ನಲ್ಲ, ಮನೆ ಒಳಗೆ ತರಲ್ಲ." ನನ್ನ ತಟ್ಟೆಯನ್ನು ತೋರಿಸಿ ಮೆಲ್ಲಗೆ ಅಂದರು: "ನೀವು ಕೊಬ್ಬು ತಿನ್ನಲ್ಲ ಅಂದ್ರಿ. ಯಾಕೆ ಅಂತ ಈ ಮನೇಲಿ ಯಾರೂ ಕೇಳ್ಲಿಲ್ಲ."

ತುತ್ತು ಕೈಯಲ್ಲೇ ನಿಂತಿತು. ವ್ರತವೆಂದರೆ ಏನೆಂದು ನನಗೆ ಬಿಡಿಸಿ ಹೇಳಬೇಕೆ? ನಮ್ಮ ವ್ರತ ಪುಣ್ಯಕ್ಕೆ, ಇವರದು ತಮ್ಮನ ಅನ್ನಕ್ಕೆ. ನನಗೆ ನಾಚಿಕೆಯಾಯಿತು, ಅವರ ಮೇಲೆ ಗೌರವವೂ ಬಂತು.

ಮರುದಿನ ದೊಡ್ಡ ಅಂಗಡಿಯೊಂದರ ಮುಂದೆ ದ್ರಾಕ್ಷಿ ಕೊಳ್ಳಬೇಡಿ ಎಂಬ ಬೋರ್ಡು ಹಿಡಿದು ನಿಲ್ಲುವ ಸರದಿ ರಾಮೋನರದು. ಸೀರೆಯ ಮೇಲೆ ಕೋಟು ಹಾಕಿಕೊಂಡು ನಾನೂ ಹೋದೆ. ಕಾರಿನಲ್ಲಿ ಹೋಗುತ್ತಿದ್ದವನೊಬ್ಬ "ನಿಮ್ಮ ದೇಶಕ್ಕೆ ಹೋಗ್ರೋ" ಎಂದು ಕೂಗಿದ. "ಟೆಕ್ಸಾಸ್‌ಗೆ ಬಸ್ ಚಾರ್ಜು ನೀನೇ ಕೊಡು, ನಾನು ಹುಟ್ಟಿದ್ದು ಅಲ್ಲಿ!" ಎಂದು ರಾಮೋನ್ ಅಷ್ಟೇ ಜೋರಾಗಿ ಕೂಗಿದರು. ರೋಸಾ ಸ್ವಲ್ಪ ದೂರದಲ್ಲಿ, ಕೈ ಜೇಬಿನಲ್ಲಿಟ್ಟುಕೊಂಡು ಅಪ್ಪನನ್ನೇ ನೋಡುತ್ತಿದ್ದಳು.

ಭಾನುವಾರ ಹೊರಡುವಾಗ ಜಗಲಿಯ ಮೇಲಿದ್ದ ಚೀಲವನ್ನು ನಾನೇ ಎತ್ತಿಕೊಂಡೆ. ಚಳಿಗೆ ಹಣ್ಣು ಕೆಟ್ಟಿರಲಿಲ್ಲ. "ಕೊಂಡ ಕಡೆಗೇ ವಾಪಸ್ ಕೊಡ್ತೀನಿ" ಎಂದೆ. ರಾಮೋನ್ ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

ಸೋಮವಾರ ಕೆಲಸ ಮುಗಿಸಿ ರೋಸಾಳ ಜೊತೆ ಅಂಗಡಿಗೆ ಹೋದೆ. ಸಾಲಿನಲ್ಲಿ ನಮ್ಮ ಲ್ಯಾಬಿನವರೇ ಇಬ್ಬರು ನಿಂತಿದ್ದರು. ಚೀಲವನ್ನು ಮೇಜಿನ ಮೇಲಿಟ್ಟೆ.

"ಹಣ್ಣು ಕೆಟ್ಟಿತ್ತಾ?" ಎಂದ ಅಂಗಡಿಯವನು.

"ಚೆನ್ನಾಗೇ ಇದೆ. ದ್ರಾಕ್ಷಿ ಕೊಯ್ಯೋರಿಗೆ ನ್ಯಾಯ ಸಿಗೋವರೆಗೂ ನಮಗೆ ಬೇಡ."

ಅವನು ನಕ್ಕ. "ನೀವು ಇಂಡಿಯಾದವರು. ನಿಮಗೇನ್ರೀ ಅದು?"

ನಾನು ಬಾಯಿ ತೆರೆಯುವ ಮೊದಲೇ ರೋಸಾ ಮುಂದೆ ಬಂದಳು. "ನನಗಿದೆ. ನಾನು ಮೆಕ್ಸಿಕನ್. ಕೊಯ್ಯೋದು ನನ್ನ ಚಿಕ್ಕಪ್ಪ." ದನಿ ಸಾಲಿನ ಕೊನೆಯವರೆಗೂ ಕೇಳಿಸಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಹೆಂಗಸು ಬೇಗ ಸರಿಯಿರಿ ಎಂದು ಗೊಣಗಿದಳು. ಶನಿವಾರ ಇದೇ ಅಂಗಡಿಯ ಮುಂದೆ ಬೋರ್ಡು ಹಿಡಿದು ನಿಲ್ಲುವುದೆಂದು ಇಬ್ಬರೂ ಅಲ್ಲೇ ತೀರ್ಮಾನಿಸಿದೆವು.

ಮನೆಯಲ್ಲಿ ವಿಷಯ ಕೇಳಿ ಯಜಮಾನರು ಗಾಬರಿಯಾದರು. "ವೀಸಾ ಮೇಲೆ ಬಂದಿರೋರು ನಾವು. ಬೀದೀಲಿ ಬೋರ್ಡ್ ಹಿಡ್ಕೊಂಡು ನಿಲ್ಲೋದಾ? ಅವರ ಜಗಳ ನಮಗ್ಯಾಕೆ?"

"ನಾನು ಕೊಬ್ಬು ತಿನ್ನಲ್ಲಾಂತ ಆಯಮ್ಮ ಹೊಸ ಪಾತ್ರೇಲಿ ಬೇರೆ ಅಡುಗೆ ಮಾಡಿದ್ರು. ಅದು ಅವರಿಗ್ಯಾಕೆ ಬೇಕಿತ್ತು?" ಎಂದೆ.

ಅವರು ಪೇಪರು ಬಿಡಿಸಿಕೊಂಡು ಕೂತರು. ಆ ಸಲದ ಏಕಾದಶಿಗೆ ಹಣ್ಣು ತರಲು ಅವರೇ ಹೋದರು. ಚೀಲದಲ್ಲಿ ಬರೀ ಬಾಳೆಹಣ್ಣಿತ್ತು.