ರೈಟ್ ಮಾಮನ ಹನ್ನೊಂದು ತೋಳುಗಳು

ಮೂವತ್ತನಾಲ್ಕು ವರ್ಷ ಬಸ್ಸಿನಲ್ಲಿ ನಿಂತೇ ಬಾಳಿದ ಮನುಷ್ಯನಿಗೆ ಒಂದು ದಿನ ಹಾರ ಹಾಕಿ, ಕುರ್ಚಿ ತೋರಿಸಿ, ಇನ್ನು ಕೂತುಕೋ ಎಂದರೆ ಅವನಾದರೂ ಏನು ಮಾಡಬೇಕು? ನಮ್ಮ ಕಂಡಕ್ಟರು ಮೊದಲ ತಿಂಗಳು ಹೇಗೋ ಕೂತರು. ಎರಡನೆಯ ತಿಂಗಳು ಅಡುಗೆಮನೆಯಲ್ಲಿ ಮೂಗು ತೂರಿಸಿ ಹೆಂಡತಿಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದರು. ಮೂರನೆಯ ತಿಂಗಳು ಆಕೆಯೇ, "ರೀ, ನಿಮಗೆ ಕೈ ಮುಗೀತೀನಿ, ಎಲ್ಲಾದ್ರೂ ಹೊರಗೆ ಹೋಗಿ ಬನ್ನಿ" ಎಂದರು. ಮಾತು ಮಾತಿಗೆ "ರೈಟ್" ಎನ್ನುವುದರಿಂದ ಬೀದಿಗೆಲ್ಲ ಅವರು ರೈಟ್ ಮಾಮ. ಆಗಲೂ "ರೈಟ್" ಎಂದು ಚಪ್ಪಲಿ ಮೆಟ್ಟಿದರು. ಹೋಗುವುದಕ್ಕೆ ಮಾತ್ರ ಜಾಗವಿರಲಿಲ್ಲ.

ಅಂಥ ಹೊತ್ತಿನಲ್ಲಿ ಅವರ ಕೈಗೆ ಆ ಯಂತ್ರ ಬಂತು. ಮಾಮನಿಗೆ ಸ್ವಲ್ಪ ಬಿಪಿ ಇತ್ತು, ದಿನಕ್ಕೊಂದು ಮಾತ್ರೆ ನಡೆಯುತ್ತಿತ್ತು. ಬಡಾವಣೆಯ ಆಸ್ಪತ್ರೆಯ ಸಿಸ್ಟರ್ ಒಂದು ಪುಟ್ಟ ಬಿಪಿ ಮಿಷನ್ ಕೊಟ್ಟು ಅದನ್ನು ಅವರ ಮೊಬೈಲಿಗೆ ಜೋಡಿಸಿದಳು. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಸಾಕು, ಅಂಕಿ ತಾನಾಗಿಯೇ ಮೊಬೈಲಿಗೆ ಹೋಗಿ, ಅಲ್ಲಿಂದ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಮಾಮನ ಹೆಸರಿನ ಮುಂದೆ ಕೂರುತ್ತಿತ್ತು. "ದಿನಾ ಬೆಳಿಗ್ಗೆ ಒಂದ್ಸಲ ನೋಡ್ಕೊಳ್ಳಿ ಮಾಮ. ಕ್ಯೂನಲ್ಲಿ ನಿಲ್ಲೋದು ಬೇಡ, ನಾವು ಇಲ್ಲಿಂದಾನೇ ನೋಡ್ತಿರ್ತೀವಿ" ಎಂದಳು.

ಮೂರನೆಯ ದಿನ ಎದುರು ಮನೆಯ ಇಸ್ತ್ರಿ ಅಕ್ಕ, "ಮಾಮ, ನನಗೂ ಒಂದು ಸುತ್ತಿ ನೋಡೋಣ" ಎಂದು ತೋಳು ಚಾಚಿದಳು. ಮಾರನೆಯ ದಿನ ದರ್ಜಿ ಬಂದ. ವಾರ ಕಳೆಯುವುದರೊಳಗೆ ತೋಳುಗಳು ಹನ್ನೊಂದಾದವು. ಮಾಮನ ಕಾಲಿಗೆ ಮತ್ತೆ ಚಕ್ರ ಬಂತು. ಬೆಳಿಗ್ಗೆ ಆರೂವರೆಗೆ ಸರಿಯಾಗಿ, ಹಳೆಯ ಚರ್ಮದ ಚೀಲದಲ್ಲಿ ಮಿಷನ್ ಇಟ್ಟುಕೊಂಡು, ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಹೊರಟುಬಿಡುತ್ತಿದ್ದರು. "ಯಾರ್ರೀ ಬಿಪಿ, ಬೇಗ ಬೇಗ, ಮಾತಾಡಬಾರದು, ಕಾಲ್ಮೇಲೆ ಕಾಲು ಹಾಕಬಾರದು. ಮಾತ್ರೆ ನುಂಗಿದ್ರಾ?" ನುಂಗಿಲ್ಲ ಎಂದವರ ಮುಂದೆ, ನುಂಗುವವರೆಗೂ ನಿಂತಿರುತ್ತಿದ್ದರು. ಪ್ರತಿಯೊಬ್ಬರ ಅಂಕಿಯನ್ನೂ ಹೆಸರು ಸಮೇತ ನೋಟ್ ಪುಸ್ತಕದಲ್ಲಿ ಬರೆಯುತ್ತಿದ್ದರು. ಒಂದು ಬಸ್ಸಿನಲ್ಲಿ ಐವತ್ತು ಜನ ಹೋಗಬಹುದಾದರೆ ಒಂದು ಮೊಬೈಲಿನಲ್ಲಿ ಹನ್ನೊಂದು ಜನ ಹೋಗಬಾರದೇ? ಅತ್ತ ಕಂಪ್ಯೂಟರು ಅಷ್ಟೂ ತೋಳು ಮಾಮನದೇ ಎಂದು ನಂಬಿದೆ ಎನ್ನುವುದು ಆ ಪುಣ್ಯಾತ್ಮರಿಗೆ ಹೊಳೆದೇ ಇರಲಿಲ್ಲ.

ಒಂದು ದಿನ ಒಂಬತ್ತು ಗಂಟೆಗೆ ಮಾಮ ಪೇಪರ್ ಬಿಡಿಸಿಕೊಂಡು ಕೂತಿದ್ದಾಗ ಸಿಸ್ಟರ್ ಫೋನ್ ಮಾಡಿದಳು. ದನಿಯಲ್ಲಿ ಗಾಬರಿ ಇತ್ತು.

"ಮಾಮ, ಹೇಗಿದೀರ? ಎದ್ದು ಓಡಾಡಬೇಡಿ, ಸುಮ್ನೆ ಮಲಕ್ಕೊಳ್ಳಿ. ಆಂಬುಲೆನ್ಸ್ ಕಳಿಸ್ತಿದೀನಿ. ನಿಮ್ಮ ಬಿಪಿ ಇನ್ನೂರಾ ಹನ್ನೆರಡು ತೋರಿಸ್ತಿದೆ."

ಮಾಮ ನಕ್ಕರು. "ಅದು ನಂದಲ್ಲ ಸಿಸ್ಟರ್. ಬೀದೀದು."

"ಬೀದಿಗೆ ಬಿಪಿ ಇರುತ್ತಾ ಮಾಮ?"

ಮಾಮ ಹೆಮ್ಮೆಯಿಂದ ಹನ್ನೊಂದು ತೋಳಿನ ಕಥೆಯನ್ನೆಲ್ಲ ಬಿಡಿಸಿ ಹೇಳಿದರು. ಸಿಸ್ಟರ್ ನಗಲಿಲ್ಲ. ಮೆಲ್ಲಗೆ, "ಹಾಗಾದ್ರೆ ಆ ಇನ್ನೂರಾ ಹನ್ನೆರಡು ಯಾರ್ದು?" ಎಂದಳು.

ಮಾಮ ಪೇಪರ್ ಕೆಳಗಿಟ್ಟರು. ಪುಸ್ತಕ ತೆಗೆದು ಬೆರಳಿಟ್ಟು ನೋಡಿದರು. ಹನ್ನೊಂದು ಹೆಸರು, ಹನ್ನೊಂದು ಅಂಕಿ, ಒಂದೂ ನೂರೈವತ್ತು ದಾಟಿರಲಿಲ್ಲ. ಅಂದರೆ ತಾನೇ ಎಲ್ಲೋ ತಪ್ಪು ಬರೆದಿರಬೇಕು. ಯಾರೋ ಒಬ್ಬರ ತಲೆಯ ಮೇಲೆ ಕತ್ತಿ ತೂಗುತ್ತಿದೆ, ಅವರಿಗೇ ಅದು ಗೊತ್ತಿಲ್ಲ. ಅಷ್ಟು ವರ್ಷದ ನೌಕರಿಯಲ್ಲಿ ಒಬ್ಬ ಪ್ರಯಾಣಿಕನನ್ನೂ ದಾರಿಯಲ್ಲಿ ಬಿಟ್ಟು ಬಂದವರಲ್ಲ ಅವರು.

ಆಂಬುಲೆನ್ಸ್ ಬರುವಷ್ಟರಲ್ಲಿ ಮಾಮ ಬೀದಿಯನ್ನೆಲ್ಲ ಹೊರಗೆಳೆದು ತಮ್ಮ ಮನೆಯ ಮೆಟ್ಟಿಲ ಮೇಲೆ ಸಾಲಾಗಿ ಕೂರಿಸಿದ್ದರು. ಸಿಸ್ಟರ್ ಬಂದವಳೇ ತನ್ನ ಮಿಷನ್ನನ್ನೂ ತೆಗೆದಳು. ಇಬ್ಬರೂ ಎರಡು ತುದಿಯಿಂದ ಶುರು ಮಾಡಿದರು. ದರ್ಜಿ ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡೇ ತೋಳು ಕೊಟ್ಟ, ನೂರಾ ಇಪ್ಪತ್ತೆಂಟು. ಇಸ್ತ್ರಿ ಅಕ್ಕನ ಮೇಲೆ ಮಾಮನಿಗೆ ಬಲವಾದ ಅನುಮಾನವಿತ್ತು, ಆಕೆ ಪಟ್ಟಿ ಸುತ್ತಿದಾಗಲೂ ಬಾಯಿ ಮುಚ್ಚುವವಳಲ್ಲ.

"ಇನ್ನೊಂದ್ಸಲ ನೋಡಿ ಸಿಸ್ಟರ್, ಇವಳದ್ದೇ ಇರ್ಬೇಕು."

"ನಾನು ಗಟ್ಟಿಮುಟ್ಟಾಗಿರೋದು ನಿಮಗೆ ಹೊಟ್ಟೆಯುರೀನಾ ಮಾಮ?" ಎಂದಳು ಆಕೆ. ನೂರಾ ಮೂವತ್ತು.

ಹನ್ನೊಂದು ಜನವೂ ಮುಗಿದರು. ಎಲ್ಲರೂ ಬಂಡೆಯಂತಿದ್ದರು. ಮಾಮ ಬೆವರು ಒರೆಸಿಕೊಂಡರು. ಎರಡು ದಿನದಿಂದ ಕಾಡುತ್ತಿದ್ದ ತಲೆನೋವು ಈಗ ಕಣ್ಣಿನ ಹಿಂದೆ ಬಂದು ಕೂತಿತ್ತು. ಕನ್ನಡಕ ಬದಲಾಯಿಸಬೇಕು ಎಂದುಕೊಂಡರು.

ಸಿಸ್ಟರ್ ಕೊನೆಗೆ ಮಾಮನ ಮೊಬೈಲನ್ನೇ ಕೈಗೆ ತೆಗೆದುಕೊಂಡು ಅಂಕಿಯ ಪಕ್ಕದ ಸಮಯ ನೋಡಿದಳು. ಇದನ್ನು ಮೊದಲೇ ಮಾಡಬೇಕಿತ್ತು ಎಂದು ನಾಲಗೆ ಕಚ್ಚಿಕೊಂಡಳು. "ಆರೂ ಹತ್ತಕ್ಕೆ ಯಾರ ಮನೆಗೆ ಹೋಗಿದ್ರಿ ಮಾಮ?"

"ಆರೂ ಹತ್ತಕ್ಕೆ ಯಾರ ಮನೆಗೂ ಇಲ್ಲ. ನಾನು ಹೊರಡೋದೇ ಆರೂವರೆಗೆ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಬಾಯಿ ಬಿಟ್ಟರು. "ಆರು ಗಂಟೆಗೆ ಎದ್ದ ತಕ್ಷಣ ನಿಮ್ಮ ಕೈಗೇ ಸುತ್ಕೊಂಡು ಗುಂಡಿ ಒತ್ತಲ್ವೇನ್ರೀ ನೀವು?"

"ಅದು ಟ್ರಯಲ್ ಕಣೇ. ಮಿಷನ್ ಸರಿ ಇದೆಯೋ, ಫೋನಿಗೆ ಹೋಗುತ್ತೋ ಅಂತ ನೋಡೋದು. ಎರಡು ದಿನದಿಂದ ಜಾಸ್ತೀನೇ ತೋರಿಸ್ತಾ ಇತ್ತು, ಇವತ್ತು ಇನ್ನೂರು ದಾಟ್ತು. ಬೆಳಿಗ್ಗೆ ಚಳಿ ಅಲ್ವಾ, ಮಿಷನ್ ಇನ್ನೂ ಬಿಸಿಯಾಗಿಲ್ಲ ಅಂತ ಬಿಟ್ಟೆ. ನಮ್ಮ ಬಸ್ಸೂ ಹಾಗೇನೆ..."

ಮೆಟ್ಟಿಲ ಮೇಲಿದ್ದ ಅಷ್ಟೂ ಜನ ತಮ್ಮನ್ನೇ ನೋಡುತ್ತಿರುವುದು ಮಾಮನಿಗೆ ಕಂಡಿತು. ಮುಖ ಇಂಗು ತಿಂದ ಮಂಗನಂತಾಯಿತು.

"ಮಾತ್ರೆ?" ಎಂದಳು ಸಿಸ್ಟರ್, ಅವರ ತೋಳಿಗೆ ಪಟ್ಟಿ ಸುತ್ತುತ್ತ.

ಮಾತ್ರೆ ಮುಗಿದು ಎಂಟು ದಿನವಾಗಿತ್ತು. ಊರಿನವರ ಮಾತ್ರೆಯ ಲೆಕ್ಕದಲ್ಲಿ ತಮ್ಮದನ್ನು ತರುವುದೇ ಮರೆತುಹೋಗಿತ್ತು. ಸಿಸ್ಟರ್ ತಂದಿದ್ದ ಮಿಷನ್ ಇನ್ನೂರಾ ಆರು ತೋರಿಸಿತು. ಮಾಮನಿಗೆ ಆಗ ನಿಜವಾಗಿ ಭಯವಾಯಿತು. ಹೆಂಡತಿಯ ಕೈ ಹುಡುಕಿ ಗಟ್ಟಿಯಾಗಿ ಹಿಡಿದುಕೊಂಡರು. ಆಕೆ ಬೈಯಲೆಂದು ತೆರೆದ ಬಾಯಿ ಮುಚ್ಚಿಕೊಂಡು, ಅವರ ಜೊತೆಯಲ್ಲೇ ಆಂಬುಲೆನ್ಸ್ ಹತ್ತಿದರು.

ಮೂರು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು, ಮಾತ್ರೆ ಬದಲಾಯಿಸಿ, ಡಾಕ್ಟರ್ ಮನೆಗೆ ಕಳಿಸಿದರು. ಇನ್ನೆರಡು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು. ಸಿಸ್ಟರ್ ಮಾಮನ ಮೊಬೈಲಿನಲ್ಲೇ ಬೀದಿಯ ಹನ್ನೊಂದು ಜನರಿಗೂ ಬೇರೆ ಬೇರೆ ಖಾತೆ ತೆರೆದುಕೊಟ್ಟು, "ಈಗ ಎಷ್ಟು ತೋಳು ಬೇಕಾದ್ರೂ ಕಳಿಸಿ" ಎಂದಳು. ಮಾಮನ ಸಂತೋಷಕ್ಕೆ ಪಾರವೇ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಆರೂವರೆಗೆ ಬಾಗಿಲು ತೆರೆದರೆ ಹನ್ನೊಂದು ಜನವೂ ಹೊಸ್ತಿಲ ಮುಂದೆಯೇ ನಿಂತಿದ್ದರು. "ಯಾರ್ರೀ ಮೊದಲು?" ಎಂದರು ಮಾಮ. ಒಬ್ಬರೂ ತೋಳು ಚಾಚಲಿಲ್ಲ. ಇಸ್ತ್ರಿ ಅಕ್ಕ ಅವರ ಕೈಯಿಂದ ಪಟ್ಟಿ ಕಿತ್ತುಕೊಂಡು, "ಕೂತ್ಕೊಳ್ಳಿ. ಮಾತಾಡಬಾರದು" ಎಂದಳು.

ಮಾಮ ಕುರ್ಚಿಯಲ್ಲಿ ಕೂತರು. ಮಾತಾಡಲೂ ಇಲ್ಲ. ಕಣ್ಣು ತುಂಬಿ ಬಂದದ್ದರಿಂದ ಅಂಕಿ ಅವರಿಗೆ ಕಾಣಿಸಲಿಲ್ಲ.

"ನೂರಾ ಮೂವತ್ತನಾಲ್ಕು" ಎಂದು ಇಸ್ತ್ರಿ ಅಕ್ಕ ಬೀದಿಯ ಕೊನೆಯ ಮನೆಗೂ ಕೇಳುವಂತೆ ಕೂಗಿದಳು. ಆಮೇಲೆ ತನ್ನ ತೋಳು ಚಾಚಿದಳು.