ಹಾಲ್ಕುರಿಕೆಯ ಗಂಗಣ್ಣನವರ ರಕ್ತ ಪರೀಕ್ಷೆ

೧೯೮೩ನೇ ಇಸವಿ. ಲ್ಯಾಬ್ ತರಬೇತಿ ಮುಗಿಸಿ ತಿಪಟೂರಿನ ಒಬ್ಬ ಡಾಕ್ಟರ ಚಿಕ್ಕ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ ನನಗೆ ಐದು ತಿಂಗಳಾಗಿತ್ತು. ನೊಣವಿನಕೆರೆಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದೆ. ಇಪ್ಪತ್ತೊಂದು ವರ್ಷದ ಹುಡುಗಿ ಮಾಡಿದ ಪರೀಕ್ಷೆ ಎಂದರೆ ಜನಕ್ಕೆ ಅನುಮಾನ. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೇ ಅಳುಕು.

ಒಂದು ದಿನ ಹಾಲ್ಕುರಿಕೆಯಿಂದ ಗಂಗಣ್ಣ ಎಂಬುವವರು ಹೆಂಡತಿ ಜಯಮ್ಮನ ಜೊತೆ ಬಂದರು. ತೆಂಗಿನ ತೋಟ ಇಟ್ಟುಕೊಂಡಿದ್ದ ಅನುಕೂಲಸ್ಥರು. ಕೆನ್ನೆ ಒಳಕ್ಕೆ ಹೋಗಿತ್ತು, ಹೊಟ್ಟೆ ಉಬ್ಬಿತ್ತು, ಪಾದ ಊದಿ ಚಪ್ಪಲಿ ಹಿಡಿಸದೆ ಕೈಯಲ್ಲಿ ಹಿಡಿದುಕೊಂಡಿದ್ದರು. ಡಾಕ್ಟರು ನೋಡಿದವರೇ ಮುಖ ಗಂಟಿಕ್ಕಿ, "ಎಷ್ಟು ವರ್ಷದಿಂದ ಕುಡೀತೀಯಪ್ಪ?" ಎಂದರು. ಗಂಗಣ್ಣ ತಲೆ ತಗ್ಗಿಸಿದರು.

ನಾನು ರಕ್ತ ತೆಗೆಯುವಾಗ ಜಯಮ್ಮ ಮೆಲ್ಲಗೆ ಹೇಳಿದರು: "ಒಂದಿನಾನೂ ಕುಡಿದೋರಲ್ಲ ಕಣವ್ವ. ಊರೋರೆಲ್ಲ ಕುಡ್ದು ಲಿವರ್ ಹೋಗೈತೆ ಅಂತಾವ್ರೆ. ನಮ್ ಹುಡುಗೀನ ತುರುವೇಕೆರೆಗೆ ಕೊಡೋದು ಅಂತ ಮಾತಾಗಿತ್ತು. ಅವ್ರ ಕಿವೀಗೂ ಬಿದ್ದು, ಈಗ ಸುದ್ದೀನೇ ಇಲ್ಲ."

ಪರೀಕ್ಷೆ ಮಾಡಿದೆ. ಕಾಮಾಲೆಯಲ್ಲಿ ಏರುವ ಬಿಲಿರುಬಿನ್ ಅಂಶ ಮಿತಿಯಲ್ಲೇ ಇತ್ತು. ಲಿವರ್ ಕೆಟ್ಟಾಗ ಏರುವ ಎಂಜೈಮೂ ಏರಿರಲಿಲ್ಲ. ಮೂತ್ರ ಕಾಯಿಸಿದರೆ ಕದಡಲಿಲ್ಲ, ಅಂದರೆ ಪ್ರೋಟೀನ್ ಆ ದಾರಿಯಲ್ಲೂ ಸೋರಿ ಹೋಗುತ್ತಿರಲಿಲ್ಲ. ಆದರೆ ರಕ್ತದ ಪ್ರೋಟೀನ್, ಅದರಲ್ಲೂ ಕಮ್ಮಿಯಾದರೆ ಮೈಯಲ್ಲಿ ನೀರು ತುಂಬಿ ಊದಿಸುವ ಆಲ್ಬುಮಿನ್, ತೀರಾ ಕಮ್ಮಿ ಇತ್ತು. ಒಟ್ಟು ಪ್ರೋಟೀನ್ ಏಳು ಗ್ರಾಮಿನ ಆಸುಪಾಸು ಇರಬೇಕಾದ್ದು ನಾಲ್ಕು ಚಿಲ್ಲರೆ ಇತ್ತು.

ಡಾಕ್ಟರು ರಿಪೋರ್ಟ್ ಮೇಜಿನ ಮೇಲೆ ಎಸೆದರು. "ಇಷ್ಟು ಕಮ್ಮಿ ಇರೋಕೆ ಸಾಧ್ಯ ಇಲ್ಲ. ಲಿವರ್ ನೆಟ್ಟಗಿದೆ ಅಂತ ಬೇರೆ ಬರ್ದಿದ್ದೀಯ. ಎಲ್ಲೋ ಎಡವಟ್ಟಾಗಿದೆ ಹೋಗಮ್ಮ."

ಕಣ್ಣಲ್ಲಿ ನೀರು ಬಂತು. ಬೈಸಿಕೊಂಡದ್ದಕ್ಕಿಂತ ಜಯಮ್ಮನ ಮುಖ ನೆನೆದು. ನನ್ನ ಕೈ ತಪ್ಪಿದ್ದರೆ ತಪ್ಪು ಎಂದು ನನಗೇ ಗೊತ್ತಾಗಲಿ ಅಂದುಕೊಂಡು, ನರ್ಸ್ ಅಕ್ಕನಿಗೆ ತೋಳು ಚಾಚಿ, "ನನ್ನ ರಕ್ತ ತೆಗೀರಿ ಅಕ್ಕ" ಎಂದೆ. ನನ್ನ ರಕ್ತದಿಂದ ಬೇರ್ಪಡಿಸಿದ ತಿಳಿ ಒಂದು ಟ್ಯೂಬಿಗೆ, ಗಂಗಣ್ಣನವರದು ಒಂದು ಟ್ಯೂಬಿಗೆ. ಒಂದೇ ನೀಲಿ ದ್ರಾವಣ, ಒಂದೇ ಅಳತೆ, ಒಂದೇ ಹೊತ್ತು. ಪ್ರೋಟೀನ್ ಇದ್ದಷ್ಟೂ ಆ ದ್ರಾವಣ ನೇರಳೆಗೆ ತಿರುಗುತ್ತದೆ. ನನ್ನದು ಗಾಢ ನೇರಳೆಯಾಯಿತು. ಅವರದು ಮಾಸಿದ ಸೀರೆಯ ಹಾಗೆ ತೆಳ್ಳಗೇ ಉಳಿಯಿತು.

ಎರಡನ್ನೂ ಕೈಯಲ್ಲಿ ಹಿಡಿದು ಡಾಕ್ಟರ ಮುಂದೆ ನಿಂತೆ. "ಇದು ನಂದು ಸಾರ್, ಇದು ಅವ್ರದು."

ಅವರು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಗಂಗಣ್ಣನವರನ್ನು ಕರೆಸಿ, ಕುರ್ಚಿ ಹಾಕಿಸಿ, ಕೇಳಿದರು: "ಊಟಕ್ಕೆ ಏನು ತಗೋತೀರಿ?"

"ಗಂಜಿ, ಎಳನೀರು."

"ಎಷ್ಟು ದಿವಸದಿಂದ?"

"ವರ್ಷದ ಮೇಲಾಯ್ತು ಸ್ವಾಮಿ. ಕಾಮಾಲೆ ಬಂದಿತ್ತು. ನಾಟಿ ಔಷಧಿ ಕೊಟ್ಟೋರು ಹಾಲು, ಬೇಳೆ, ಕಾಳು, ಯಾವ್ದೂ ಮುಟ್ಬೇಡ ಅಂದ್ರು. ಪಥ್ಯ ಯಾವಾಗ ಬುಡ್ಬೇಕು ಅಂತ ಹೇಳ್ಲಿಲ್ಲ."

ಕಾಮಾಲೆ ವಾಸಿಯಾಗಿತ್ತು, ಪಥ್ಯ ಮಾತ್ರ ನಿಂತಿರಲಿಲ್ಲ. ಕೊಟ್ಟಿಗೆಯಲ್ಲಿ ಎರಡು ಹಸು ಕರೆಯುತ್ತಿದ್ದ ಮನೆಯ ಯಜಮಾನ ವರ್ಷವಿಡೀ ಹಾಲು ಮುಟ್ಟಿರಲಿಲ್ಲ. ಡಾಕ್ಟರು ಚೀಟಿಯಲ್ಲಿ ಮಾತ್ರೆಗಿಂತ ಮೊದಲು ಬರೆದದ್ದು ಊಟ: ಹಾಲು, ಮೊಸರು, ತೊಗರಿಬೇಳೆ, ಹುರುಳಿಕಾಳು, ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ. ಜಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು.

ಅವರು ಹೋದ ಮೇಲೆ ಡಾಕ್ಟರು ಲ್ಯಾಬಿನ ಬಾಗಿಲಿಗೇ ಬಂದರು. "ನಿನ್ನ ಕೆಲಸ ಸರಿ ಇತ್ತಮ್ಮ. ನೋಡಿದ ತಕ್ಷಣ ತೀರ್ಮಾನ ಮಾಡಿದ್ದು ನಾನು." ಅಷ್ಟೇ ಅಂದು ಹೋದರು. ಆ ದಿನ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಊರಿನವರೆಗೆ ನಿಂತೇ ಹೋದದ್ದು ಗೊತ್ತೇ ಆಗಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಗಂಗಣ್ಣ ಮತ್ತೆ ಬಂದರು. ಕಾಲಿನ ಊತ ಇಳಿದಿತ್ತು, ದನಿ ಗಟ್ಟಿಯಾಗಿತ್ತು. ಜೊತೆಯಲ್ಲಿ ಜರಿ ಪೇಟದ ಹಿರಿಯರೊಬ್ಬರು. ಬೀಗರಾಗಬೇಕಿದ್ದ ತುರುವೇಕೆರೆಯವರು. ಡಾಕ್ಟರ ಬಾಯಿಂದಲೇ ಕೇಳಲಿ ಎಂದು ಗಂಗಣ್ಣನೇ ಕರೆದುಕೊಂಡು ಬಂದಿದ್ದರು. ಡಾಕ್ಟರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹಿರಿಯರು ಗಂಗಣ್ಣನ ಎರಡೂ ಕೈ ಹಿಡಿದುಕೊಂಡು, "ಯಾರೋ ಅಂದ್ರು ಅಂತ ನಾವೂ ನಂಬಿದ್ವು. ತಪ್ಪಾಯ್ತು ಕಣಪ್ಪ" ಎಂದರು.

ಹೊರಡುವ ಮುಂಚೆ ಗಂಗಣ್ಣ ಆ ಹಿರಿಯರನ್ನು ನನ್ನ ಲ್ಯಾಬಿಗೆ ಕರೆತಂದರು. ಆಸ್ಪತ್ರೆಯಲ್ಲಿ ಕೂತಿದ್ದವರೆಲ್ಲ ಕೇಳುವ ಹಾಗೆ ಅಂದರು: "ಔಷಧಿ ಕೊಟ್ಟೋರು ಡಾಕ್ಟ್ರು. ನನ್ ಮರ್ವಾದೆ ಉಳ್ಸಿದ್ದು ಈ ಹೆಣ್ಮಗಳು."

ಆಮೇಲೆ ಮೂವತ್ತು ವರ್ಷ ಅದೇ ಕೆಲಸ ಮಾಡಿದೆ. ಎಷ್ಟು ಜನರ ರಕ್ತ ನೋಡಿದೆನೋ ನೆನಪಿಲ್ಲ. ಯಾರಾದರೂ ಏನು ಕೆಲಸದಲ್ಲಿದ್ರಿ ಎಂದು ಕೇಳಿದರೆ ಇವತ್ತಿಗೂ ತಲೆಯೆತ್ತಿಯೇ ಹೇಳುತ್ತೇನೆ.